ಹವಾಮಾನ ವಿವರಣೆಯನ್ನು ಸಿದ್ಧಪಡಿಸುವ ಮತ್ತು ಸಭೆಯಲ್ಲಿ ಮಂಡಿಸುವ ಕ್ರಮ

ಪೀಠಿಕೆ

ಮುಂಗಾರು ಹಂಗಾಮು ಪ್ರಾರಂಭವಾಗುತ್ತಿದ್ದಂತೆ ಗ್ರಾಮಸಭೆ, ರೈತ ಸಂಘಗಳ ಸಭೆ, ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ ಹಾಗೂ ನೀರು ಬಳಕೆದಾರರ ಸಹಕಾರ ಸಂಘಗಳ ಸಭೆಗಳಲ್ಲಿ ಮಳೆಯ ಸ್ಥಿತಿಗತಿಯನ್ನು ಕುರಿತು ಯಾರಾದರೊಬ್ಬರು ವಿವರಣೆ ನೀಡುವುದು ರೂಢಿಯಲ್ಲಿದೆ. ವಿವರಣೆ ನೀಡುವವರು ಹವಾಮಾನ ತಜ್ಞರೇ ಆಗಿರಬೇಕೆಂದಿಲ್ಲ. ಪಂಚಾಯತಿ ಸದಸ್ಯರು, ಸಂಘದ ಕಾರ್ಯದರ್ಶಿ, ಶಾಲಾ ಶಿಕ್ಷಕರು, ಪ್ರಗತಿಪರ ರೈತರು ಈ ಕೆಲಸವನ್ನು ವಹಿಸಿಕೊಳ್ಳುತ್ತಾರೆ. ಇವರ ಮಾತನ್ನು ಆಧರಿಸಿ ಕೇಳುಗರು ಬಿತ್ತನೆ ಮಾಡಬೇಕೇ ಅಥವಾ ಹತ್ತು ದಿನ ಕಾಯಬೇಕೇ, ಕೊಯ್ದ ಫಸಲನ್ನು ಕಣದಲ್ಲಿ ಬಿಡಬಹುದೇ, ಗುಡ್ಡದ ಬುಡದಲ್ಲಿರುವ ಮನೆಯಲ್ಲಿ ಈ ರಾತ್ರಿ ಮಲಗಬಹುದೇ ಎಂಬ ತೀರ್ಮಾನಗಳನ್ನು ಕೈಗೊಳ್ಳುತ್ತಾರೆ. ಆದುದರಿಂದ ವಿವರಣೆಯನ್ನು ಸಿದ್ಧಪಡಿಸುವ ಕ್ರಮವನ್ನು ಸಾರ್ವಜನಿಕರು ತಿಳಿದಿರುವುದು ಅವಶ್ಯಕ.

ಬೆಳೆ ವಿಮೆ, ಬೆಳೆ ನಷ್ಟ ಪರಿಹಾರ ಮುಂತಾದ ಸೇವೆಗಳಿಗೆ ಅರ್ಜಿ ಸಲ್ಲಿಸುವವರಿಗೂ ಈ ಮಾಹಿತಿ ಉಪಯುಕ್ತವಾಗಿದೆ. ಅರ್ಜಿಯಲ್ಲಿ ಮಳೆಯ ವಿಷಯವನ್ನು ಬರೆಯುವ ರೀತಿ ಹಾಗೂ ಸಭೆಯಲ್ಲಿ ಅದನ್ನು ಹೇಳುವ ರೀತಿ ಬಹುಮಟ್ಟಿಗೆ ಒಂದೇ.

ಹವಾಮಾನ ವಿವರಣೆ ಎಂದರೇನು?

ಮುನ್ಸೂಚನೆಯನ್ನು ಓದಿ ಹೇಳುವುದಷ್ಟೇ ಹವಾಮಾನ ವಿವರಣೆ ಅಲ್ಲ. ಇದುವರೆಗೆ ಏನಾಗಿದೆ, ಅದಕ್ಕೆ ಕಾರಣವೇನು, ಮುಂದೆ ಏನಾಗುವ ಸಂಭವವಿದೆ, ಆ ಸಂಭವವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಸೇರಿಸಿ ಹೇಳಿದಾಗ ಅದು ವಿವರಣೆ ಎನಿಸುತ್ತದೆ. 1875ರಲ್ಲಿ ಸ್ಥಾಪನೆಯಾದ ಭಾರತ ಹವಾಮಾನ ಇಲಾಖೆಯಲ್ಲಿಯೂ ಮುನ್ಸೂಚನಾಧಿಕಾರಿಗಳು ಪ್ರತಿದಿನ ಪರಸ್ಪರ ಚರ್ಚಿಸಿದ ನಂತರವೇ ಪ್ರಕಟಣೆ ಹೊರಡಿಸುತ್ತಾರೆ. ಗಣಕಯಂತ್ರದ ಒಂದು ಮಾದರಿ ಹೆಚ್ಚು ಮಳೆ ತೋರಿಸಿ ಮತ್ತೊಂದು ಕಡಿಮೆ ತೋರಿಸಿದಾಗ ಯಾವುದನ್ನು ಏಕೆ ಒಪ್ಪಬೇಕು ಎಂಬುದು ಆ ಚರ್ಚೆಯ ತಿರುಳು.

ಗ್ರಾಮ ಮಟ್ಟದ ವಿವರಣೆಯಲ್ಲಿ ಅಷ್ಟು ತಾಂತ್ರಿಕ ವಿಷಯಗಳ ಅಗತ್ಯವಿಲ್ಲ. ಆದರೆ ಒಂದು ನಿಯಮವನ್ನು ಇಲ್ಲಿಯೂ ತಪ್ಪದೆ ಪಾಲಿಸತಕ್ಕದ್ದು. ದಾಖಲಾದ ಮಳೆ, ಮುನ್ಸೂಚನೆಯಲ್ಲಿರುವ ಮಳೆ ಮತ್ತು ವಿವರಣೆ ನೀಡುವವರ ಸ್ವಂತ ಅಭಿಪ್ರಾಯ ಇವು ಮೂರನ್ನೂ ಬೇರೆ ಬೇರೆಯಾಗಿ ಹೇಳಬೇಕು. "ಈ ವಾರ ಮಳೆ ಚೆನ್ನಾಗಿದೆ" ಎಂಬ ವಾಕ್ಯದಲ್ಲಿ ಮೂರೂ ಬೆರೆತುಹೋಗಿವೆ. ಬಿದ್ದ ಮಳೆ ಚೆನ್ನಾಗಿದೆಯೋ, ಬರುವ ಮಳೆ ಚೆನ್ನಾಗಿದೆಯೋ, ಹೇಳುವವರಿಗೆ ಹಾಗೆ ತೋರುತ್ತಿದೆಯೋ ತಿಳಿಯುವುದಿಲ್ಲ. ಇಂತಹ ಮಾತನ್ನು ನಂಬಿ ಬಿತ್ತಿದವರು ಬೀಜ, ಗೊಬ್ಬರ ಮತ್ತು ಕೂಲಿಯನ್ನು ಎರಡನೆಯ ಬಾರಿ ಹೊಂದಿಸಬೇಕಾಗುತ್ತದೆ.

ಮಾಹಿತಿಯ ಮೂಲಗಳು

ಮುನ್ಸೂಚನೆ ಹಾಗೂ ಎಚ್ಚರಿಕೆಗಳಿಗೆ ಭಾರತ ಹವಾಮಾನ ಇಲಾಖೆಯ ಬೆಂಗಳೂರು ಹವಾಮಾನ ಕೇಂದ್ರದ ಪ್ರಕಟಣೆಗಳೇ ಆಧಾರ. ಇಲಾಖೆಯು ರಾಜ್ಯವನ್ನು ಕರಾವಳಿ ಕರ್ನಾಟಕ, ಉತ್ತರ ಒಳನಾಡು ಮತ್ತು ದಕ್ಷಿಣ ಒಳನಾಡು ಎಂಬ ಮೂರು ಹವಾಮಾನ ಉಪವಿಭಾಗಗಳಾಗಿ ಪರಿಗಣಿಸುತ್ತದೆ. ತಮ್ಮ ಜಿಲ್ಲೆ ಯಾವ ಉಪವಿಭಾಗಕ್ಕೆ ಸೇರಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು.

ಸ್ಥಳೀಯ ಮಳೆ ಪ್ರಮಾಣಕ್ಕೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಅಂಕಿಅಂಶಗಳನ್ನು ನೋಡಬೇಕು. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾಗಿ 2007ರಲ್ಲಿ ಈಗಿನ ಹೆಸರನ್ನು ಪಡೆದ ಈ ಸಂಸ್ಥೆಯು ಗ್ರಾಮ ಪಂಚಾಯತಿ ಮಟ್ಟದವರೆಗೆ ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿದ್ದು, ಅವು ಹದಿನೈದು ನಿಮಿಷಗಳಿಗೊಮ್ಮೆ ಮಾಹಿತಿ ರವಾನಿಸುವಂತೆ ರೂಪಿಸಲ್ಪಟ್ಟಿವೆ. ತಾಲ್ಲೂಕು ಕೇಂದ್ರದ ಒಂದೇ ಅಂಕಿಯನ್ನು ಹಿಡಿದು ಇಡೀ ತಾಲ್ಲೂಕಿನ ಮಳೆಯನ್ನು ಹೇಳುತ್ತಿದ್ದ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಅನುಕೂಲ.

ಕೃಷಿ ಸಲಹೆಗಳನ್ನು ಕೃಷಿ ವಿಶ್ವವಿದ್ಯಾಲಯಗಳಲ್ಲಿರುವ ಕೃಷಿ ಹವಾಮಾನ ಘಟಕಗಳು ಮಂಗಳವಾರ ಮತ್ತು ಶುಕ್ರವಾರ ಹೊರಡಿಸುತ್ತವೆ. ಮೊಬೈಲ್ ದೂರವಾಣಿ ಹೊಂದಿರುವವರು 'ಮೇಘದೂತ್' ಆ್ಯಪ್‌ನಲ್ಲಿ ಕೃಷಿ ಸಲಹೆಯನ್ನು, 'ದಾಮಿನಿ' ಆ್ಯಪ್‌ನಲ್ಲಿ ಸಿಡಿಲಿನ ಸೂಚನೆಯನ್ನು ಪಡೆಯಬಹುದು. ಕಿಸಾನ್ ಕಾಲ್ ಸೆಂಟರ್‌ನ ಉಚಿತ ದೂರವಾಣಿ ಸಂಖ್ಯೆ 1800-180-1551.

ದಿನಾಂಕ ಮತ್ತು ಸಮಯವಿಲ್ಲದೆ ಮೊಬೈಲ್‌ಗಳಲ್ಲಿ ಹರಿದಾಡುವ ಸಂದೇಶಗಳನ್ನು ಯಾವ ಕಾರಣಕ್ಕೂ ಬಳಸಬಾರದು. ಹಿಂದಿನ ವರ್ಷದ ಎಚ್ಚರಿಕೆಯೊಂದು ಈ ವರ್ಷವೂ ಸುತ್ತು ಹೊಡೆಯುವುದು ಅಪರೂಪವೇನಲ್ಲ. ವಿಪತ್ತಿನ ಬಗ್ಗೆ ಸುಳ್ಳೆಂದು ತಿಳಿದೂ ಎಚ್ಚರಿಕೆ ಹರಡಿ ಜನರಲ್ಲಿ ಗಾಬರಿ ಹುಟ್ಟಿಸುವುದು ವಿಪತ್ತು ನಿರ್ವಹಣಾ ಕಾಯ್ದೆ, 2005ರ 54ನೇ ಪ್ರಕರಣದ ಮೇರೆಗೆ ಒಂದು ವರ್ಷದವರೆಗಿನ ಕಾರಾಗೃಹ ವಾಸ ಅಥವಾ ದಂಡಕ್ಕೆ ಗುರಿಯಾಗುವ ಅಪರಾಧವಾಗಿದೆ.

ದಾಖಲಾದ ಮಳೆ: ದಿನಾಂಕದ ಬಗ್ಗೆ ವಿಶೇಷ ಗಮನ

ಮಳೆಯ ದಿನವು ಮಧ್ಯರಾತ್ರಿಗೆ ಆರಂಭವಾಗುವುದಿಲ್ಲ. ಹಿಂದಿನ ದಿನ ಬೆಳಿಗ್ಗೆ 8.30 ಗಂಟೆಯಿಂದ ಈ ದಿನ ಬೆಳಿಗ್ಗೆ 8.30 ಗಂಟೆಯವರೆಗೆ ಬಿದ್ದ ಮಳೆಯನ್ನು ಈ ದಿನದ ದಿನಾಂಕದಲ್ಲಿ ದಾಖಲಿಸಲಾಗುತ್ತದೆ. ಉದಾಹರಣೆಗೆ, 2022ರ ಸೆಪ್ಟೆಂಬರ್ 4ರ ಭಾನುವಾರ ರಾತ್ರಿ ಬೆಂಗಳೂರಿನಲ್ಲಿ ಸುರಿದು ಹಲವು ಬಡಾವಣೆಗಳನ್ನು ಜಲಾವೃತಗೊಳಿಸಿದ ಮಳೆಯು ದಾಖಲೆಯಲ್ಲಿ ಸೆಪ್ಟೆಂಬರ್ 5ರ ಎದುರಿಗೆ 131.6 ಮಿ.ಮೀ. ಎಂದು ಕಾಣುತ್ತದೆ.

ಇದು ಸಣ್ಣ ವಿಷಯವೆಂದು ತೋರಬಹುದು. ಆದರೆ ಅರ್ಜಿದಾರರು ತಮ್ಮ ಅರ್ಜಿಯಲ್ಲಿ "4ರ ರಾತ್ರಿ ಮಳೆ ಬಿದ್ದು ಬೆಳೆ ಹಾಳಾಯಿತು" ಎಂದು ಬರೆದು, ಲಗತ್ತಿಸಿದ ದಾಖಲೆಯಲ್ಲಿ 4ರ ಎದುರಿಗೆ ಸೊನ್ನೆ ಇದ್ದಲ್ಲಿ ಪರಿಶೀಲಿಸುವವರಿಗೆ ಎರಡೂ ತಾಳೆಯಾಗುವುದಿಲ್ಲ. ಅರ್ಜಿದಾರರ ಮಾತು ನಿಜ, ದಾಖಲೆಯೂ ನಿಜ. ಆದ್ದರಿಂದ "ದಿನಾಂಕ 4ರ ರಾತ್ರಿ ಬಿದ್ದ ಮಳೆ, ದಿನಾಂಕ 5ರ ಬೆಳಿಗ್ಗೆ 8.30ಕ್ಕೆ ದಾಖಲಾದಂತೆ" ಎಂದು ಎರಡನ್ನೂ ನಮೂದಿಸುವುದು ಸೂಕ್ತ. ಸಭೆಯಲ್ಲಿಯೂ ಹೀಗೆಯೇ ಹೇಳಬೇಕು.

ಮಳೆಯ ತೀವ್ರತೆಯನ್ನು ಸೂಚಿಸುವ ಪದಗಳಿಗೆ ನಿಗದಿತ ಅರ್ಥಗಳಿವೆ. 24 ಗಂಟೆಗಳಲ್ಲಿ 2.5 ರಿಂದ 15.5 ಮಿ.ಮೀ. ಮಳೆಯನ್ನು ಹಗುರ ಮಳೆ ಎಂದೂ, 15.6 ರಿಂದ 64.4 ಮಿ.ಮೀ. ಮಳೆಯನ್ನು ಸಾಧಾರಣ ಮಳೆ ಎಂದೂ, 64.5 ರಿಂದ 115.5 ಮಿ.ಮೀ. ಮಳೆಯನ್ನು ಭಾರೀ ಮಳೆ ಎಂದೂ, 115.6 ರಿಂದ 204.4 ಮಿ.ಮೀ. ಮಳೆಯನ್ನು ಅತಿ ಭಾರೀ ಮಳೆ ಎಂದೂ, ಅದಕ್ಕೂ ಮೀರಿದ್ದನ್ನು ಅತ್ಯಂತ ಭಾರೀ ಮಳೆ ಎಂದೂ ಕರೆಯಲಾಗುತ್ತದೆ. ಮೇಲೆ ತಿಳಿಸಿದ ಬೆಂಗಳೂರಿನ ಮಳೆ ಅತಿ ಭಾರೀ ವರ್ಗಕ್ಕೆ ಸೇರುತ್ತದೆ. ಒಂದು ದಿನದಲ್ಲಿ 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಮಳೆಯಾದರೆ ಮಾತ್ರ ಅದನ್ನು 'ಮಳೆಯ ದಿನ' ಎಂದು ಎಣಿಸಲಾಗುತ್ತದೆ. ಅರ್ಧ ಗಂಟೆ ಜೋರಾಗಿ ಸುರಿದು 20 ಮಿ.ಮೀ. ಆದ ಮಳೆಯನ್ನು ಆಡುಮಾತಿನಲ್ಲಿ ಭಾರೀ ಮಳೆ ಎನ್ನುತ್ತೇವೆ. ದಾಖಲೆಯಲ್ಲಿ ಅದು ಸಾಧಾರಣ ಮಳೆ. ಅರ್ಜಿಯಲ್ಲಿ ವರ್ಣನೆಯ ಬದಲು ಮಿ.ಮೀ. ಪ್ರಮಾಣವನ್ನೇ ಬರೆಯುವುದು ಕ್ಷೇಮ.

ಮಿ.ಮೀ. ಎಂಬುದು ಕೆಲವು ಕೇಳುಗರಿಗೆ ಅರ್ಥವಾಗದಿರಬಹುದು. ಒಂದು ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು. ಈ ಲೆಕ್ಕದಲ್ಲಿ 25 ಮಿ.ಮೀ. ಮಳೆಯು ಒಂದು ಎಕರೆಗೆ ಸುಮಾರು ಒಂದು ಲಕ್ಷ ಲೀಟರ್ ನೀರು ನೀಡುತ್ತದೆ. ಹೀಗೆ ಹೇಳಿದರೆ ಹಿರಿಯ ರೈತರಿಗೆ ತಕ್ಷಣ ಅಂದಾಜು ಸಿಗುತ್ತದೆ.

ವಾಡಿಕೆ ಮಳೆ ಮತ್ತು ಶೇಕಡಾವಾರು ಲೆಕ್ಕ

ವಾಡಿಕೆ ಮಳೆ ಎಂದರೆ ಆ ಸ್ಥಳದಲ್ಲಿ ಆ ಅವಧಿಗೆ ಹಲವು ದಶಕಗಳ ಸರಾಸರಿ. ಭಾರತ ಹವಾಮಾನ ಇಲಾಖೆಯು 2022ರಿಂದ 1971-2020ರ ಅವಧಿಯ ಸರಾಸರಿಯನ್ನು ಆಧಾರವಾಗಿ ಬಳಸುತ್ತಿದೆ. ಇದನ್ನು ಮೇಲೆ ಹೇಳಿದ 'ಸಾಧಾರಣ ಮಳೆ'ಯೊಂದಿಗೆ ಬೆರೆಸಬಾರದು. ಸಾಧಾರಣ ಎಂಬುದು ಒಂದು ದಿನದ ತೀವ್ರತೆ, ವಾಡಿಕೆ ಎಂಬುದು ದೀರ್ಘಾವಧಿಯ ಸರಾಸರಿ. ಸಭೆಗಳಲ್ಲಿ ಈ ಎರಡು ಪದಗಳು ಅದಲುಬದಲಾಗುವುದುಂಟು.

ವಾಡಿಕೆಗಿಂತ ಶೇ. 19ರಷ್ಟು ಹೆಚ್ಚು ಅಥವಾ ಕಡಿಮೆ ಇದ್ದರೂ ಅದನ್ನು ವಾಡಿಕೆ ಎಂದೇ ಪರಿಗಣಿಸಲಾಗುತ್ತದೆ. ಶೇ. 20 ರಿಂದ 59 ಕಡಿಮೆಯಾದರೆ ಕೊರತೆ, ಶೇ. 60 ಅಥವಾ ಅದಕ್ಕಿಂತ ಹೆಚ್ಚು ಕಡಿಮೆಯಾದರೆ ತೀವ್ರ ಕೊರತೆ. ಹೆಚ್ಚಳಕ್ಕೂ ಇದೇ ಅಳತೆಯಲ್ಲಿ ಅಧಿಕ ಮತ್ತು ಅತ್ಯಧಿಕ ಎಂಬ ಪದಗಳಿವೆ.

ಶೇಕಡಾವಾರು ಅಂಕಿ ಕೇಳಲು ಸುಲಭವಾದರೂ ದಾರಿ ತಪ್ಪಿಸಬಲ್ಲದು. ಒಂದು ವಾರದ ವಾಡಿಕೆ 5 ಮಿ.ಮೀ. ಇದ್ದು 12 ಮಿ.ಮೀ. ಮಳೆಯಾದರೆ ಲೆಕ್ಕದಲ್ಲಿ ಶೇ. 140ರಷ್ಟು ಹೆಚ್ಚಳ, ಅಂದರೆ ಅತ್ಯಧಿಕ. ಹೊಲದಲ್ಲಿ ಮಾತ್ರ ಮೇಲ್ಮಣ್ಣು ನೆನೆದಿರುತ್ತದೆ ಅಷ್ಟೆ. ಆದುದರಿಂದ ಶೇಕಡಾವಾರನ್ನು ಮಿ.ಮೀ. ಪ್ರಮಾಣದ ಜೊತೆಯಲ್ಲದೆ ಒಂಟಿಯಾಗಿ ಎಂದೂ ಹೇಳಬಾರದು.

ಇನ್ನೂ ಮುಖ್ಯವಾದುದು ಮಳೆಯ ಹಂಚಿಕೆ. 2023ರ ಮುಂಗಾರಿನಲ್ಲಿ ದೇಶದ ಒಟ್ಟು ಮಳೆ ದೀರ್ಘಾವಧಿ ಸರಾಸರಿಯ ಶೇ. 94ರಷ್ಟಿತ್ತು. ನಾಲ್ಕು ತಿಂಗಳ ಈ ಅಂಕಿಯನ್ನು ಮಾತ್ರ ನೋಡಿದವರಿಗೆ ಕೊರತೆ ಶೇ. 6 ಎಂದು ತೋರುತ್ತದೆ. ತಿಂಗಳುವಾರು ಬಿಡಿಸಿದರೆ ಜುಲೈನಲ್ಲಿ ಶೇ. 113, ಆಗಸ್ಟ್‌ನಲ್ಲಿ ಶೇ. 64. ಆ ಆಗಸ್ಟ್ ತಿಂಗಳು 1901ರಿಂದೀಚಿಗೆ ದೇಶದಲ್ಲಿ ಅತ್ಯಂತ ಕಡಿಮೆ ಮಳೆಯಾದ ಆಗಸ್ಟ್ ಆಗಿತ್ತು. ಕರ್ನಾಟಕದಲ್ಲಿ ಆ ವರ್ಷ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ತೆನೆ ಕಟ್ಟುವ ಸಮಯದಲ್ಲಿ ಇಲ್ಲದ ಮಳೆಯನ್ನು ಜುಲೈನ ಹೆಚ್ಚುವರಿ ಮಳೆ ತುಂಬಿಕೊಡುವುದಿಲ್ಲ. ಈ ಕಾರಣದಿಂದಲೇ ಬರ ನಿರ್ವಹಣಾ ಕೈಪಿಡಿ, 2016ರಲ್ಲಿ ಒಟ್ಟು ಮಳೆಯ ಕೊರತೆಯ ಜೊತೆಗೆ 'ಶುಷ್ಕ ಅವಧಿ'ಯನ್ನೂ ಪರಿಗಣಿಸಲಾಗಿದೆ. ಮುಂಗಾರು ಪ್ರವೇಶದ ನಿಗದಿತ ದಿನದ ನಂತರ ಸತತ ಮೂರು ನಾಲ್ಕು ವಾರ, ಪ್ರತಿ ವಾರವೂ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆಯಾದರೆ ಅದು ಶುಷ್ಕ ಅವಧಿ. ವಿವರಣೆಯಲ್ಲಿ ವಾರವಾರು ಮಳೆಯನ್ನು ಹೇಳಬೇಕೆಂದು ಸೂಚಿಸುವುದು ಇದಕ್ಕಾಗಿಯೇ.

ಕಾರಣವನ್ನು ವಿವರಿಸುವುದು

ಕಾರಣ ತಿಳಿದ ಕೇಳುಗರು ಮುನ್ಸೂಚನೆ ಬದಲಾದಾಗ ಗೊಂದಲಕ್ಕೀಡಾಗುವುದಿಲ್ಲ. ಆದರೆ ಒಂದು ಸಭೆಗೆ ಒಂದು ಅಥವಾ ಎರಡು ಕಾರಣ ಸಾಕು.

ಕರಾವಳಿ ಹಾಗೂ ಮಲೆನಾಡಿನಲ್ಲಿ ಮುಂಗಾರು ಮಳೆಗೆ ಅರಬ್ಬೀ ಸಮುದ್ರದ ತೇವಭರಿತ ಪಶ್ಚಿಮದ ಗಾಳಿಯೇ ಮೂಲ. ಈ ಗಾಳಿ ಪಶ್ಚಿಮ ಘಟ್ಟಗಳಿಗೆ ತಾಗಿ ಮೇಲೇರುವಾಗ ತಣಿದು ಮಳೆ ಸುರಿಸುತ್ತದೆ. ಕರಾವಳಿಗೆ ಸಮಾನಾಂತರವಾಗಿ ಒತ್ತಡ ತಗ್ಗಿದ ಪಟ್ಟಿ ಬಲಗೊಂಡಾಗ ಮಳೆಯ ತೀವ್ರತೆ ಹೆಚ್ಚುತ್ತದೆ. ಘಟ್ಟ ದಾಟಿ ಇಳಿಯುವ ಗಾಳಿಯಲ್ಲಿ ತೇವ ಉಳಿದಿರುವುದಿಲ್ಲವಾದ್ದರಿಂದ ಪೂರ್ವದ ಜಿಲ್ಲೆಗಳು ಮಳೆಯ ನೆರಳಿಗೆ ಸೇರುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಮಿಕ್ಕಿ ಮಳೆಯಾದರೆ ಚಳ್ಳಕೆರೆಯ ಸುತ್ತಮುತ್ತ ಅದು ಸುಮಾರು 500 ಮಿ.ಮೀ. ಮಾತ್ರ. "ಮಂಗಳೂರಿನಲ್ಲಿ ಒಂದೇ ಸಮನೆ ಸುರಿಯುತ್ತಿದೆಯಂತೆ, ನಮ್ಮಲ್ಲಿ ಏಕಿಲ್ಲ?" ಎಂದು ಬಯಲುಸೀಮೆಯ ಸಭೆಗಳಲ್ಲಿ ಕೇಳುವ ಪ್ರಶ್ನೆಗೆ ಇದೇ ಉತ್ತರ.

ಉತ್ತರ ಒಳನಾಡಿಗೆ ಬಂಗಾಳ ಕೊಲ್ಲಿಯಲ್ಲಿ ಉಂಟಾಗಿ ಪಶ್ಚಿಮಾಭಿಮುಖವಾಗಿ ಸಾಗುವ ವಾಯುಭಾರ ಕುಸಿತಗಳು ಮಳೆ ತರುತ್ತವೆ. ದಕ್ಷಿಣ ಒಳನಾಡಿನಲ್ಲಿ ಏಪ್ರಿಲ್, ಮೇ ತಿಂಗಳ ಮಳೆ ಹೆಚ್ಚಾಗಿ ಮಧ್ಯಾಹ್ನದ ಬಿಸಿಲಿಗೆ ಎದ್ದ ಗುಡುಗು ಮೋಡಗಳದ್ದು. ಅಂತಹ ಮಳೆ ಒಂದು ಊರಿಗೆ ಸುರಿದು ಪಕ್ಕದ ಊರನ್ನು ಬಿಟ್ಟುಬಿಡುತ್ತದೆ. ಹಿಂಗಾರಿನಲ್ಲಿ ಈಶಾನ್ಯದ ಗಾಳಿ ಹಾಗೂ ಕೊಲ್ಲಿಯ ಚಂಡಮಾರುತಗಳ ಪ್ರಭಾವವನ್ನು ಗಮನಿಸಬೇಕು.

ಗ್ರಾಮಸಭೆಯಲ್ಲಿ ಮಾತನಾಡುವಾಗ ಆಂಗ್ಲ ತಿಂಗಳಿನ ಜೊತೆಗೆ ಮಳೆ ನಕ್ಷತ್ರವನ್ನೂ ಹೇಳುವುದು ಉತ್ತಮ. ಮೃಗಶಿರಾ ಜೂನ್ ಮೊದಲ ವಾರದ ಕೊನೆಗೆ, ಆರಿದ್ರಾ ಜೂನ್ 21-22ರ ಸುಮಾರಿಗೆ ಆರಂಭವಾಗಿ ಒಂದೊಂದೂ ಹದಿಮೂರು ಹದಿನಾಲ್ಕು ದಿನ ಇರುತ್ತದೆ. ನಕ್ಷತ್ರವು ಕಾಲಗಣನೆಯೇ ಹೊರತು ಮುನ್ಸೂಚನೆಯಲ್ಲ. ಆದರೂ ರೈತರ ನೆನಪು ಆ ಲೆಕ್ಕದಲ್ಲಿಯೇ ಇರುವುದರಿಂದ "ಕಳೆದ ವರ್ಷದ ಆರಿದ್ರಾ ಮಳೆಗಿಂತ ಈ ಬಾರಿ 30 ಮಿ.ಮೀ. ಕಡಿಮೆ" ಎಂಬ ಮಾತು ನೇರವಾಗಿ ತಲುಪುತ್ತದೆ.

ಮುನ್ಸೂಚನೆಯ ಭಾಷೆಯನ್ನು ಅರ್ಥಮಾಡಿಕೊಳ್ಳುವುದು

ಇಲಾಖೆಯ ಪ್ರಕಟಣೆಯಲ್ಲಿ 'ಒಂದೆರಡು ಕಡೆ', 'ಕೆಲವು ಕಡೆ', 'ಹಲವು ಕಡೆ', 'ಬಹುತೇಕ ಕಡೆ' ಎಂಬ ಪದಗಳು ಅಂದಾಜಿನ ಮಾತುಗಳಲ್ಲ. ಉಪವಿಭಾಗದ ಮಳೆಮಾಪನ ಕೇಂದ್ರಗಳ ಪೈಕಿ ಕ್ರಮವಾಗಿ ಶೇ. 25ರವರೆಗೆ, ಶೇ. 26 ರಿಂದ 50, ಶೇ. 51 ರಿಂದ 75 ಹಾಗೂ ಶೇ. 76ಕ್ಕೂ ಹೆಚ್ಚು ಕೇಂದ್ರಗಳಲ್ಲಿ ಮಳೆಯಾಗುವುದನ್ನು ಅವು ಸೂಚಿಸುತ್ತವೆ. 'ಒಂದೆರಡು ಕಡೆ ಭಾರೀ ಮಳೆ' ಎಂದು ಪ್ರಕಟಣೆಯಲ್ಲಿದ್ದು ತಮ್ಮ ಊರಿನಲ್ಲಿ ಬಿಸಿಲಿದ್ದರೆ ಮುನ್ಸೂಚನೆ ಸುಳ್ಳಾಯಿತೆಂದು ಅರ್ಥವಲ್ಲ. ನಾಲ್ಕು ಕೇಂದ್ರಗಳಲ್ಲಿ ಮೂರು ಅಥವಾ ಅದಕ್ಕೂ ಹೆಚ್ಚು ಕೇಂದ್ರಗಳಲ್ಲಿ ಅಂತಹ ಮಳೆ ಆಗದೆಂದೇ ಅದು ಹೇಳಿತ್ತು.

'ಸಾಧ್ಯತೆ' ಎಂಬ ಪದಕ್ಕೂ ಹೀಗೆಯೇ ಮಿತಿಯಿದೆ. 'ಸಾಧ್ಯತೆ ಇದೆ' ಎಂದರೆ ಶೇ. 25 ರಿಂದ 50, 'ಹೆಚ್ಚಿನ ಸಾಧ್ಯತೆ' ಎಂದರೆ ಶೇ. 50 ರಿಂದ 75, ಅದಕ್ಕೂ ಮೀರಿದರೆ 'ಅತಿ ಹೆಚ್ಚಿನ ಸಾಧ್ಯತೆ'. ಕೇಳುಗರು ಮೊದಲನೆಯದನ್ನು "ಬಂದೇ ಬರುತ್ತದೆ" ಎಂದು ತಿಳಿಯುತ್ತಾರೆ. ನೂರು ಬಾರಿ ಹೀಗೆ ಹೇಳಿದಾಗ ಐವತ್ತು ಬಾರಿಗೂ ಮೀರಿ ಮಳೆ ಬಾರದಿರಬಹುದು ಎಂದು ಬಿಡಿಸಿ ಹೇಳುವುದು ವಿವರಣೆ ನೀಡುವವರ ಜವಾಬ್ದಾರಿ.

ಬಣ್ಣದ ಸೂಚನೆಗಳ ಬಗ್ಗೆ ತಪ್ಪು ಕಲ್ಪನೆಗಳಿವೆ. ಹಸಿರು ಎಂದರೆ ಎಚ್ಚರಿಕೆ ಇಲ್ಲ, ಹಳದಿ ಎಂದರೆ ಗಮನಿಸುತ್ತಿರಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಬಣ್ಣವು ಕೈಗೊಳ್ಳಬೇಕಾದ ಕ್ರಮವನ್ನು ಸೂಚಿಸುತ್ತದೆ. ಅದು ಬರೀ ಮಳೆಯ ಅಳತೆಯಲ್ಲ. ಮಣ್ಣು ಈಗಾಗಲೇ ನೆನೆದಿರುವ ಗುಡ್ಡಗಾಡಿನಲ್ಲಿ ಹಿಂದಿನ ದಿನಗಳ ಒಟ್ಟು ಮಳೆಯನ್ನೂ ಸೇರಿಸಿ ನೋಡಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದೂ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿಯ ಮೇಲೆ ಗುಡ್ಡ ಜರಿದದ್ದೂ ಮಳೆಗಾಲದ ನಡುವೆಯೇ. ಇಂತಹ ಪ್ರದೇಶಗಳಲ್ಲಿ "ಇಂದು ಮಳೆ ಕಡಿಮೆಯಾಗಿದೆ, ಭಯವಿಲ್ಲ" ಎಂದು ವಿವರಣೆಯನ್ನು ಮುಗಿಸುವುದು ಅಪಾಯಕರ.

ಮುನ್ಸೂಚನೆಯ ಅವಧಿ ಹೆಚ್ಚಿದಷ್ಟೂ ಅದರ ನಿಖರತೆ ಕಡಿಮೆಯಾಗುತ್ತದೆ. ಮೂರು ದಿನಗಳವರೆಗಿನದನ್ನು ದಿನವಾರು, ಹತ್ತು ದಿನಗಳವರೆಗಿನದನ್ನು ಪ್ರವೃತ್ತಿಯ ರೂಪದಲ್ಲಿ, ಎರಡರಿಂದ ನಾಲ್ಕು ವಾರಗಳದ್ದನ್ನು "ವಾಡಿಕೆಗಿಂತ ಹೆಚ್ಚು ಅಥವಾ ಕಡಿಮೆ" ಎಂಬಷ್ಟಕ್ಕೆ ಸೀಮಿತಗೊಳಿಸಿ ಹೇಳಬೇಕು. ಇಡೀ ಹಂಗಾಮಿನ ಮುನ್ಸೂಚನೆಯನ್ನು ಆಧರಿಸಿ ಬಿತ್ತನೆಯ ದಿನವನ್ನು ನಿಗದಿಪಡಿಸಲಾಗದು.

ಮುಂಗಾರು ಪ್ರವೇಶದ ಸುದ್ದಿಯೂ ಹಾಗೆಯೇ. 2025ರಲ್ಲಿ ಮುಂಗಾರು ಕೇರಳವನ್ನು ಮೇ 24ರಂದೇ, ಅಂದರೆ ವಾಡಿಕೆಯ ದಿನವಾದ ಜೂನ್ 1ಕ್ಕಿಂತ ಎಂಟು ದಿನ ಮೊದಲೇ ಪ್ರವೇಶಿಸಿತು. ಆದರೆ ಮೇ ಅಂತ್ಯದಿಂದ ಜೂನ್ ಮಧ್ಯದವರೆಗೆ ಅದರ ಮುನ್ನಡೆ ಸ್ಥಗಿತಗೊಂಡಿತ್ತು. ಮುಂಗಾರು ಬಂತು ಎಂಬುದು ಬಿತ್ತನೆಗೆ ಹದವಾಯಿತು ಎಂಬುದಕ್ಕೆ ಸಮನಲ್ಲ.

ಟಿಪ್ಪಣಿಯನ್ನು ಬರೆಯುವುದು

ವಿವರಣೆಯ ಟಿಪ್ಪಣಿ ಒಂದು ಪುಟ ಮೀರಬಾರದು. ಮೇಲ್ಭಾಗದಲ್ಲಿ ಸ್ಥಳ, ದಿನಾಂಕ, ಸಮಯ ಹಾಗೂ ಯಾವ ಪ್ರಕಟಣೆಯನ್ನು ಎಷ್ಟು ಗಂಟೆಗೆ ನೋಡಲಾಯಿತು ಎಂಬುದನ್ನು ಬರೆಯತಕ್ಕದ್ದು. ಕೇಳುಗರು ಕೈಗೊಳ್ಳಬೇಕಾದ ತೀರ್ಮಾನಕ್ಕೆ ಸಂಬಂಧಿಸಿದ ವಾಕ್ಯ ಮೊದಲು ಬರಬೇಕು, ಕಾರಣ ಆಮೇಲೆ. ಕಪ್ಪು ಮಣ್ಣಿನ ಪ್ರದೇಶದ ಪಂಚಾಯತಿಯೊಂದಕ್ಕೆ ಕಲ್ಪಿಸಿದ ಮಾದರಿಯನ್ನು ಇಲ್ಲಿ ನೀಡಲಾಗಿದೆ. ಇದರಲ್ಲಿನ ಅಂಕಿಗಳು ಕೇವಲ ನಿದರ್ಶನಕ್ಕಾಗಿ.

"ದಿನಾಂಕ: 12ನೇ ಜೂನ್, ಬೆಳಿಗ್ಗೆ 11 ಗಂಟೆ. ಮುಂದಿನ ಐದು ದಿನಗಳಲ್ಲಿ ಬಿತ್ತನೆಗೆ ನೆರವಾಗುವಷ್ಟು ಮಳೆಯ ಸೂಚನೆ ಇರುವುದಿಲ್ಲ. ನಮ್ಮ ಪಂಚಾಯತಿಯ ಮಳೆಮಾಪಕದಲ್ಲಿ ಇಂದು ಬೆಳಿಗ್ಗೆ 8.30ಕ್ಕೆ 18 ಮಿ.ಮೀ. ದಾಖಲಾಗಿದೆ. ಜೂನ್ 1ರಿಂದ ಇಂದಿನವರೆಗೆ 41 ಮಿ.ಮೀ. ಆಗಿದ್ದು, ವಾಡಿಕೆ 38 ಮಿ.ಮೀ. ಈ 41 ಮಿ.ಮೀ.ನಲ್ಲಿ 35 ಮಿ.ಮೀ. ಕಳೆದ ಎರಡು ದಿನಗಳಲ್ಲಿಯೇ ಬಿದ್ದಿರುತ್ತದೆ. ಇಲಾಖೆಯ ಇಂದಿನ ಮುನ್ಸೂಚನೆಯಂತೆ 17ರವರೆಗೆ ಉತ್ತರ ಒಳನಾಡಿನಲ್ಲಿ ಒಂದೆರಡು ಕಡೆ ಹಗುರ ಮಳೆಯ ಸಾಧ್ಯತೆ ಇದೆ. ಪಶ್ಚಿಮದ ಗಾಳಿ ದುರ್ಬಲವಾಗಿದ್ದು, ಬಂಗಾಳ ಕೊಲ್ಲಿಯಲ್ಲಿ ಸದ್ಯ ವಾಯುಭಾರ ಕುಸಿತ ಕಂಡುಬಂದಿರುವುದಿಲ್ಲ. 17ರ ನಂತರದ ಬಗ್ಗೆ ಖಚಿತವಾಗಿ ಹೇಳಲಾಗದು. ನನ್ನ ಅಭಿಪ್ರಾಯದಲ್ಲಿ, ಹೊಲ ಅಗೆದು ಹಸಿ ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡದೆ ಬಿತ್ತುವುದು ಬೇಡ. ಹಸಿ ಸಾಲದಿದ್ದಲ್ಲಿ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಮುಂದುವರಿಯುವುದು. ಮುಂದಿನ ಮಾಹಿತಿಯನ್ನು 15ರ ಬೆಳಿಗ್ಗೆ ಪಂಚಾಯತಿ ಫಲಕದಲ್ಲಿ ಬರೆಯಲಾಗುವುದು."

ಈ ಟಿಪ್ಪಣಿಯಲ್ಲಿ ಒಟ್ಟು ಮಳೆ ವಾಡಿಕೆಯಷ್ಟೇ ಇದೆ. ಅದನ್ನು ಮಾತ್ರ ಓದಿದ್ದರೆ ಸಭೆಯಿಂದ ಎದ್ದವರು ನೇರವಾಗಿ ಕೂರಿಗೆ ಕಟ್ಟುತ್ತಿದ್ದರು. ಎರಡೇ ದಿನಗಳಲ್ಲಿ ಬಿದ್ದ ಮಳೆ ಎಂಬ ವಾಕ್ಯ, ಹಾಗೂ 17ರ ನಂತರದ್ದು ತಿಳಿಯದೆಂದು ಒಪ್ಪಿಕೊಂಡ ವಾಕ್ಯ ಇವೆರಡೂ ಇಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವಂಥವು.

ಸಭೆಯಲ್ಲಿ ಮಂಡಿಸುವುದು

ಐದರಿಂದ ಏಳು ನಿಮಿಷ ಸಾಕು. ಮೂರಕ್ಕಿಂತ ಹೆಚ್ಚು ಅಂಕಿಗಳನ್ನು ಬಾಯಲ್ಲಿ ಹೇಳದೆ ಉಳಿದವನ್ನು ಫಲಕದ ಮೇಲೆ ಬರೆಯಬೇಕು. ಉಪಗ್ರಹ ಚಿತ್ರ ತೋರಿಸುವುದಾದರೆ ಅದರಲ್ಲಿ ತಮ್ಮ ಜಿಲ್ಲೆ ಎಲ್ಲಿದೆ ಎಂಬುದನ್ನು ಮೊದಲು ಗುರುತಿಸಬೇಕು. ಬಿಳಿಯಾಗಿ ಕಂಡ ಮೋಡವೆಲ್ಲ ಮಳೆ ಸುರಿಸುವುದಿಲ್ಲ ಎಂಬುದನ್ನೂ ತಿಳಿಸಬೇಕು. ಮುದ್ರಿತ ಟಿಪ್ಪಣಿಯನ್ನು ತಲೆ ಎತ್ತದೆ ಓದುವುದಕ್ಕಿಂತ ಅದನ್ನು ಕೈಯಲ್ಲಿಟ್ಟುಕೊಂಡು ಮಾತನಾಡುವುದು ಮೇಲು.

ಸಭೆಯಲ್ಲಿ ಹಿರಿಯರೊಬ್ಬರು ಎದ್ದು "ಅದೆಲ್ಲಾ ಇರಲಿ ಸ್ವಾಮಿ, ನಮ್ಮ ಹೊಲಕ್ಕೆ ಮಳೆ ಬರುತ್ತೋ ಇಲ್ಲವೋ ಹೇಳಿ" ಎಂದು ಕೇಳುವುದು ಸಾಮಾನ್ಯ. ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಉತ್ತರ ನೀಡಬಾರದು. ಒಂದು ಹೊಲದ ಮಳೆಯನ್ನು ಐದು ದಿನ ಮೊದಲು ಹೇಳುವ ವಿಧಾನ ಇಲ್ಲ. "ಯಜಮಾನರೇ, ನಮ್ಮ ಭಾಗದ ಹತ್ತು ಊರುಗಳಲ್ಲಿ ಎರಡರಲ್ಲಿ ಬರಬಹುದು. ಆ ಎರಡರಲ್ಲಿ ನಮ್ಮೂರು ಇದೆಯೇ ಎಂದು ನನಗೆ ತಿಳಿಯದು. ಬಂದರೆ ಲಾಭ, ಬಾರದಿದ್ದರೆ ಬೀಜ ಹೋಗುತ್ತದೆ, ಎಷ್ಟು ಬೀಜ ಕಳೆದುಕೊಳ್ಳಲು ಶಕ್ತಿಯಿದೆ ಎಂಬುದನ್ನು ತಾವೇ ನೋಡಿಕೊಳ್ಳಬೇಕು" ಎಂಬ ಉತ್ತರ ಸರಿಯಾದುದು. ತಿಳಿಯದು ಎಂದರೆ ಗೌರವ ಕಡಿಮೆಯಾಗುತ್ತದೆಂಬ ಅಂಜಿಕೆ ಬೇಡ. ಧೈರ್ಯವಾಗಿ ಹೇಳಿದ ಮಳೆ ಬಾರದಿದ್ದರೆ, ಮುಂದೊಮ್ಮೆ ಪ್ರವಾಹದ ಎಚ್ಚರಿಕೆ ನೀಡಿದಾಗಲೂ ಜನ ಕದಲುವುದಿಲ್ಲ.

ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಇರುವ ದಿನ ಈ ಕ್ರಮವೆಲ್ಲ ಬದಲಾಗುತ್ತದೆ. ಅಂದು ಕಾರಣಗಳ ವಿವರಣೆ ಅನಗತ್ಯ. ಯಾವ ಕೇರಿಯವರು, ಎಷ್ಟು ಗಂಟೆಯೊಳಗೆ, ಎಲ್ಲಿಗೆ ಹೋಗಬೇಕು ಎಂಬ ಜಿಲ್ಲಾಡಳಿತದ ಸೂಚನೆಯನ್ನು ಮಾತ್ರ ಯಥಾವತ್ತಾಗಿ ತಿಳಿಸಿ ಸಭೆಯನ್ನು ಮುಗಿಸತಕ್ಕದ್ದು.

ಅರ್ಜಿಗಳಲ್ಲಿ ಮಳೆ ಮಾಹಿತಿಯ ಬಳಕೆ

ಕರ್ನಾಟಕ ರೈತ ಸುರಕ್ಷಾ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಡಿ ಆಲಿಕಲ್ಲು ಮಳೆ, ಭೂಕುಸಿತ ಮುಂತಾದ ಸ್ಥಳೀಯ ವಿಕೋಪದಿಂದ ನಷ್ಟವಾದಲ್ಲಿ 72 ಗಂಟೆಗಳೊಳಗೆ ವಿಮಾ ಸಂಸ್ಥೆ, ಬ್ಯಾಂಕ್ ಅಥವಾ ಕೃಷಿ ಇಲಾಖೆಗೆ ತಿಳಿಸತಕ್ಕದ್ದು. ಸಹಾಯವಾಣಿ ಸಂಖ್ಯೆ 14447. ಈ 72 ಗಂಟೆಗಳನ್ನು ಘಟನೆ ನಡೆದ ಸಮಯದಿಂದ ಎಣಿಸಬೇಕು, ಮಳೆ ದಾಖಲಾದ ದಿನಾಂಕದಿಂದಲ್ಲ. ಮಳೆಯ ದಾಖಲೆ ಕೈಗೆ ಬರಲಿ ಎಂದು ಕಾಯುತ್ತಾ ಅವಧಿ ಮೀರಿಸಿಕೊಳ್ಳಬಾರದು. ಮೊದಲು ತಿಳಿಸಿ, ದಾಖಲೆಯನ್ನು ನಂತರ ಪಡೆಯಬಹುದು.

ಅಡಿಕೆ, ಕಾಳುಮೆಣಸು, ಮಾವು, ದಾಳಿಂಬೆ ಮುಂತಾದ ತೋಟಗಾರಿಕೆ ಬೆಳೆಗಳಿಗೆ ಅನ್ವಯಿಸುವ ಹವಾಮಾನ ಆಧಾರಿತ ಬೆಳೆ ವಿಮೆಯ ಲೆಕ್ಕ ಬೇರೆ. ಇಲ್ಲಿ ತೋಟದಲ್ಲಿ ಆದ ನಷ್ಟವನ್ನು ಅಳೆಯದೆ, ಅಧಿಸೂಚಿತ ಹವಾಮಾನ ಕೇಂದ್ರದಲ್ಲಿ ದಾಖಲಾದ ಮಳೆ, ಉಷ್ಣಾಂಶ ಮುಂತಾದವುಗಳನ್ನು ಆಧರಿಸಿ ಪರಿಹಾರ ನಿರ್ಧರಿಸಲಾಗುತ್ತದೆ. ಆದ್ದರಿಂದ ತಮ್ಮ ಪ್ರದೇಶಕ್ಕೆ ಅನ್ವಯಿಸುವ ಮಳೆಮಾಪಕ ಯಾವುದು, ಅದು ಸುಸ್ಥಿತಿಯಲ್ಲಿದೆಯೇ ಎಂಬುದನ್ನು ವಿಮೆ ಮಾಡಿಸಿದವರು ಹಂಗಾಮಿನ ಆರಂಭದಲ್ಲಿಯೇ ತಿಳಿದುಕೊಳ್ಳುವುದು ಒಳಿತು. ಊರಿಗೆಲ್ಲ ಮಳೆ ಸುರಿದ ದಿನ ಮಾಪಕದಲ್ಲಿ ಸೊನ್ನೆ ಕಂಡುಬಂದರೆ ಅಂದೇ ದಿನಾಂಕ, ಸಮಯ ಸಹಿತ ಲಿಖಿತವಾಗಿ ದೂರು ನೀಡಿ ಸ್ವೀಕೃತಿ ಪಡೆಯತಕ್ಕದ್ದು. ಹಂಗಾಮು ಮುಗಿದ ಮೇಲೆ ನೀಡುವ ದೂರನ್ನು ಸ್ಥಾಪಿಸುವುದು ಕಷ್ಟ.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಮ್ಮ ತೋಟದಲ್ಲಿ ನಾವೇ ಇಟ್ಟುಕೊಂಡ ಮಳೆಮಾಪಕದ ಲೆಕ್ಕವನ್ನು ಒಪ್ಪಲಾಗುತ್ತದೆಯೇ?
ಉತ್ತರ: ವಿಮಾ ಪರಿಹಾರದ ಲೆಕ್ಕಕ್ಕೆ ಅಧಿಸೂಚಿತ ಕೇಂದ್ರದ ಅಂಕಿಯೇ ಆಧಾರ. ಆದರೂ ಸ್ವಂತ ದಾಖಲೆ ವ್ಯರ್ಥವಲ್ಲ. ಅಧಿಸೂಚಿತ ಮಾಪಕ ಕೆಟ್ಟಿದೆಯೆಂದು ದೂರು ನೀಡುವಾಗ ಅದನ್ನು ಲಗತ್ತಿಸಬಹುದು. ಮಾಪಕವನ್ನು ಬಯಲಿನಲ್ಲಿ, ಹತ್ತಿರದ ಮರ ಅಥವಾ ಕಟ್ಟಡದ ಎತ್ತರದ ಕನಿಷ್ಠ ಎರಡರಷ್ಟು ದೂರದಲ್ಲಿ ಇಡಬೇಕು. ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅಳೆದು, ಮಳೆ ಬಾರದ ದಿನವೂ ಸೊನ್ನೆ ಎಂದು ಬರೆಯಬೇಕು.

ಪ್ರಶ್ನೆ: ಇಲಾಖೆಯ ಮುನ್ಸೂಚನೆಗೂ ಖಾಸಗಿ ಆ್ಯಪ್‌ಗಳ ಮುನ್ಸೂಚನೆಗೂ ವ್ಯತ್ಯಾಸ ಬಂದಾಗ ಯಾವುದನ್ನು ಹೇಳಬೇಕು?
ಉತ್ತರ: ಎಚ್ಚರಿಕೆಗಳ ವಿಷಯದಲ್ಲಿ ಭಾರತ ಹವಾಮಾನ ಇಲಾಖೆ ಮತ್ತು ಜಿಲ್ಲಾಡಳಿತದ ಪ್ರಕಟಣೆಯನ್ನು ಮಾತ್ರ ಹೇಳತಕ್ಕದ್ದು. ಉಳಿದಂತೆ ವ್ಯತ್ಯಾಸವಿದೆ ಎಂಬುದನ್ನೇ ತಿಳಿಸಬಹುದು. ಮುನ್ಸೂಚನೆ ಇನ್ನೂ ಸ್ಥಿರಗೊಂಡಿಲ್ಲವೆಂಬುದಕ್ಕೆ ಅದೂ ಒಂದು ಸೂಚನೆ.

ಪ್ರಶ್ನೆ: ಸಭೆಯಲ್ಲಿ ನೀಡಿದ ವಿವರಣೆ ತಪ್ಪಾದರೆ ಏನು ಮಾಡಬೇಕು?
ಉತ್ತರ: ಹಳೆಯ ಟಿಪ್ಪಣಿಯನ್ನು ತೆಗೆದುಹಾಕದೆ, ಅದರ ಕೆಳಗೆ ದಿನಾಂಕ ಹಾಕಿ ವಾಸ್ತವವಾಗಿ ಬಿದ್ದ ಮಳೆಯನ್ನು ಬರೆದು ಫಲಕದಲ್ಲಿ ಪ್ರದರ್ಶಿಸಬೇಕು. ಮುಂದಿನ ಸಭೆಯಲ್ಲಿ ಅದನ್ನೇ ಮೊದಲು ಓದಬೇಕು.